ಪಟ್ಟಿ ಕಟ್ಟಿದ ಅಜ್ಜನ ಚದುರಂಗ

ಕಣ್ಣಿನ ಮುಲಾಮಿನ ವಾಸನೆ ಬಂದರೆ ಇಂದಿಗೂ ನನಗೆ ಕೂಡ್ಲಿಗಿಯ ನಮ್ಮ ಪಡಸಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜನ ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ. ನಾಲ್ಕು ಗಂಟೆಗೆ ಕಾಂಪೌಂಡರ್ ಬಂದು ಅದನ್ನು ಬಿಚ್ಚುವವನಿದ್ದ. ಅಜ್ಜಿ ಸುಮ್ಮನೆ ಒಳಗೂ ಹೊರಗೂ ತಿರುಗುತ್ತಿದ್ದಳು. ಅಜ್ಜ ಮಾತ್ರ ನನ್ನಿಂದ ಚದುರಂಗದ ಮಣೆ ಹಾಕಿಸಿದ.

ಬೆರಳಿನಿಂದ ಸವರಿ ಸವರಿ ಕಾಯಿ ನಡೆಸುತ್ತಿದ್ದ. ತಪ್ಪು ಮನೆಗೆ ಇಟ್ಟರೆ ಕೂಡಲೇ ಹೊಸ ಕಾನೂನು ಹುಟ್ಟುತ್ತಿತ್ತು.

"ಬಿಸಿಲಾಗ ಆನಿ ಸೊಟ್ಟ ನಡೀಬೋದು ಯವ್ವಾ. ಅದಕ್ಕ ನೀರಡಿಕಿ ಆಗಿರತೈತಿ."

"ಸುಳ್ಳು!"

"ಹಡಗಲಿ ಊರಾಗ ಕೇಳು ಬೇಕಾದ್ರ. ಅಲ್ಲಿ ಒಬ್ಬಾವ ಒಂದು ನಡಿಗಿ ಯೋಚ್ನಿ ಮಾಡ್ಕೋಂತ ಕುಂತಿದ್ದ. ಮಲ್ಲಿಗಿ ಬಳ್ಳಿ ಕಾಲಿಗೆ ಸುತ್ತಿ, ಹೆಗಲ ಮ್ಯಾಲೆ ಹೂ ಬಿಡ್ತು."

"ಆಮ್ಯಾಲೆ ಗೆದ್ದನೇನಜ್ಜ?"

"ಎಲ್ಲಿ ಗೆಲ್ತಾನ? ಎದುರಿಗಿದ್ದಾವ ಮುದುಕಾಗಿ, ತನ್ನ ಮೊಮ್ಮಗನ್ನ ಕುಂದ್ರಿಸಿ ಹೋಗಿದ್ದ."

ನಾನು ಬಿದ್ದು ಬಿದ್ದು ನಕ್ಕೆ. ಅಜ್ಜ ಕುದುರೆಯನ್ನು ಕೈಯಲ್ಲೇ ಹಿಡಿದು, ಗಂಟೆ ಎಷ್ಟಾಯಿತೆಂದು ಮೂರನೇ ಸಲ ಕೇಳಿದ.

ಕಾಂಪೌಂಡರ್ ಬಂದು ಮೆಲ್ಲಗೆ ಪಟ್ಟಿ ಬಿಚ್ಚಿದ. ಅಜ್ಜ ರೆಪ್ಪೆ ಬಡಿದ, ಕಣ್ಣಿಂದ ನೀರು ಸೋರಿತು. ಮಣೆಯನ್ನು ನೋಡಿದ, ನನ್ನನ್ನು ನೋಡಿದ.

"ಏನಾರ ಕಾಣ್ತೈತೇನ್ರಿ?" ಅಜ್ಜಿ ಹತ್ತಿರ ಬಂದು ಬಗ್ಗಿ ಕೇಳಿದಳು.

"ಕಾಣ್ತೈತಿ. ನಿನ್ನ ಮೊಮ್ಮಗಳು ನನ್ನ ಮಂತ್ರೀನ ಕದ್ದು ಜೇಬಿನಾಗ ಇಟ್ಗೊಂಡಾಳ. ತಲಿ ಹೊರಗ ಐತಿ ನೋಡು."

ನಾನು ಜೇಬು ಮುಚ್ಚಿಕೊಂಡು ಬೈಗುಳಕ್ಕೆ ಕಾದೆ. ಅಜ್ಜಿ ನನ್ನ ಪಕ್ಕ ಬಂದು ಕೂತಳು. ನನ್ನನ್ನು ಎಳೆದು ತಬ್ಬಿಕೊಂಡು, "ಕಳ್ಳಿ, ಕಳ್ಳಿ" ಎನ್ನುತ್ತ ಮುಖದ ತುಂಬ ಮುತ್ತಿಟ್ಟಳು.