ಅರಿಷಿಣ-ಕುಂಕುಮದ ಭಾಷಣ

"ಆಕಿ ಬರದ ಕಾದಂಬರಿನೆಲ್ಲಾ ಗಂಡ ಒಲಿಗೆ ಹಾಕಿದ" ಎಂದು ದ್ವಾರಕಾ ಟೀಚರ್ ಹೇಳಿದಾಗ ಜಮಖಾನೆಯ ಮೇಲೆ ಕೂತ ಹೆಂಗಸರೆಲ್ಲ ಒಟ್ಟಿಗೆ ಲೊಚಗುಟ್ಟಿದರು.

ಸಂಕ್ರಾಂತಿಯ ಅರಿಷಿಣ-ಕುಂಕುಮದಲ್ಲಿ ಭಾಷಣ ಇಡಿಸಿದ್ದು ಸೊಲ್ಲಾಪುರದ ಆ ಓಣಿಯಲ್ಲಿ ಅದೇ ಮೊದಲು. ಎಪ್ಪತ್ತೈದನೆಯ ಇಸವಿ ಮಹಿಳಾ ವರ್ಷವೆಂದು ರೇಡಿಯೋ ಸಾರುತ್ತಿತ್ತು. ಚಾದರ ವ್ಯಾಪಾರಿ ಚನ್ನವೀರಪ್ಪನವರ ಹೆಂಡತಿ ಸುಮಿತ್ರಾಬಾಯಿಗೆ ತಾವು ಹಿಂದೆ ಬೀಳಬಾರದೆಂಬ ಹಟ. ಯಜಮಾನರು ಹೆಣ್ಣುಮಕ್ಕಳ ಶಾಲೆಯೊಂದರ ಅಧ್ಯಕ್ಷರು. ಅಲ್ಲಿ ಹಂಗಾಮಿಯಾಗಿದ್ದ ದ್ವಾರಕಾಳಿಗೆ, ಭಾಷಣ ಮಾಡಿದರೆ ನೌಕರಿ ಕಾಯಂ ಮಾಡಿಸುವುದಾಗಿ ಸುಮಿತ್ರಾಬಾಯಿ ಮಾತು ಕೊಟ್ಟಿದ್ದರು. ದ್ವಾರಕಾಳಿಗೆ ಆ ನೌಕರಿ ಬಿಟ್ಟರೆ ಗತಿಯಿರಲಿಲ್ಲ. ಗಂಡ ಮುಂಬಯಿಯ ಮಿಲ್ಲಿನಲ್ಲಿದ್ದಾನೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

"ಮುಂದ ಹೇಳ್ರಿ ಟೀಚರ್" ಎಂದರು ಸುಮಿತ್ರಾಬಾಯಿ.

ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ ಆ ಆಫ್ರಿಕಾದ ಲೇಖಕಿಯ ಬದುಕನ್ನು ದ್ವಾರಕಾ ತನ್ನದೇ ಎಂಬಂತೆ ಹೇಳಿದಳು. ನಾಲ್ಕು ಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟದ್ದು, ಸುಟ್ಟ ಕಾದಂಬರಿಯನ್ನು ಮೊದಲಿನಿಂದ ಮತ್ತೆ ಬರೆದದ್ದು. ಆಕೆಯ ಎರಡನೆಯ ಕಾದಂಬರಿ ಆಕಳುಗಳಿಗೆ ಬದಲಾಗಿ ಕೊಟ್ಟ ಹುಡುಗಿಯ ಕಥೆ. ಮೂರನೆಯದು ಹೆತ್ತೂ ಹೆತ್ತೂ ಸವೆದ ತಾಯಿಯ ಕಥೆ. ಸುಮಿತ್ರಾಬಾಯಿಯ ನಾದಿನಿ ಸಾವಿತ್ರಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು.

"ಹೆಂಗಸಲ್ಲ ಬಿಡ್ರಿ ಆಕಿ, ವಾಘೀಣ! ಖರೇ ಹುಲಿ! ಆದ್ರ ನಾಕು ಪೋರಗೋಳ್ನ ಕರಕೊಂಡು ಹೋಗಾಕ ಆಕಿಗಿ ಅಂಜಿಕಿ ಬರ್ಲಿಲ್ಲೇನ್ರಿ?"

ಆ ಹೊಗಳಿಕೆ ಪಾಪ, ದ್ವಾರಕಾಳ ತಲೆಗೇರಿತು. ಇಷ್ಟು ಮಂದಿ ತನ್ನವರು ಇದ್ದಾರಲ್ಲ ಎನ್ನಿಸಿ ಕಣ್ಣು ತುಂಬಿ ಬಂದವು.

"ಎಸ್‌ಟಿ ಬಸ್ಸು ಹತ್ತೂತನಕಾ ಅಷ್ಟ ಅಂಜಿಕಿರಿ, ಅಕ್ಕಾರ. ನಾನೂ ಎರಡು ಮಕ್ಕಳ್ನ ಕರಕೊಂಡು ಅಕ್ಕಲಕೋಟದಿಂದ ಹಂಗ ಬಂದೀನಿ. ಅಂವಾ ಹೊಡದ ಗಾಯ ಬೆನ್ನ ಮ್ಯಾಲ ಇನ್ನೂ ಮಾಯ್ದಿಲ್ಲ."

ಈ ಸಲ ಯಾರೂ ಲೊಚಗುಟ್ಟಲಿಲ್ಲ.

ಸುಮಿತ್ರಾಬಾಯಿ ಎದ್ದು ಕುಂಕುಮದ ಬಟ್ಟಲು ಹಿಡಿದು ಸಾಲಾಗಿ ಹಚ್ಚುತ್ತ ಬಂದರು. ಸಾವಿತ್ರಿಬಾಯಿಯದು ಮುಗಿಯಿತು. ದ್ವಾರಕಾ ಸೆರಗು ಹೊದ್ದು ಹಣೆ ಮುಂದೆ ಮಾಡಿದಳು. ಬಟ್ಟಲು ಆಕೆಯನ್ನು ದಾಟಿ ಮುಂದಿನವಳ ಹಣೆಗೆ ಹೋಯಿತು.

"ಗಂಡ ಇನ್ನೂ ಜಿಂದಾ ಅದಾನ್ರಿ" ಎಂದಳು ಮೆಲ್ಲಗೆ.

"ಇರ್ಲಿ ಬಿಡು. ಬಿಟ್ಟು ಬಂದಾಕಿಗಿ ಹ್ಯಾಂಗ ಹಚ್ಚೂದು? ನಮ್ಮದು ಹುಡುಗ್ಯಾರ ಸಾಲಿ. ಕಾಯಂ ಮಾಡೂ ಮಾತು ಇನ್ನ ತಗೀಬ್ಯಾಡ."

"ಈಗರ ಆಕಿಗಿ ಹುಲಿ ಅಂದ್ರಲ್ಲರಿ..." ಎಂದಳು ದ್ವಾರಕಾ.

"ಅಂದ್ವಿ. ಯಾರು ಇಲ್ಲಂದ್ರು?" ಸುಮಿತ್ರಾಬಾಯಿ ತಿರುಗಿಯೂ ನೋಡಲಿಲ್ಲ. "ಆಕಿ ಗಂಡನ್ನ ಆಫ್ರಿಕಾದಾಗ ಬಿಟ್ಟಾಳ. ನೀ ಅಕ್ಕಲಕೋಟದಾಗ ಬಿಟ್ಟೀದಿ. ಅಲ್ಲಿ ನಮ್ಮ ಬೀಗರು ಅದಾರ."