ಓದಬಾರದ ರಿವ್ಯೂ

ಸುಹಾಸಿನಿ ಎಸ್ಕಾರ್ಟ್. ಒಬ್ಬಂಟಿ ಗಂಡಸರ ಜೊತೆ ಮದುವೆ, ಪಾರ್ಟಿಗಳಿಗೆ ಹೋಗಿ ನಗುನಗುತ್ತಾ ನಿಂತು ಬರುವುದು ಅವಳ ಕಸುಬು. ಗಿರಾಕಿಗಳು ಅವಳ ಬಗ್ಗೆ ಬರೆದ ರಿವ್ಯೂಗಳು ಮಾತ್ರ ಏಜೆನ್ಸಿ ಮಾಲೀಕನ ಕಂಪ್ಯೂಟರು ಬಿಟ್ಟು ಆಚೆ ಬರುತ್ತಿರಲಿಲ್ಲ.

"ನನ್ ಬಗ್ಗೆ ಬರ್ದಿರೋದನ್ನ ನಾನೇ ಓದ್ಬಾರ್ದಾ ಸಾರ್?" ಎಂದು ಅವಳು ಮೂರನೇ ಸಲ ಕೇಳಿದಳು.

"ಬೇಡಮ್ಮ. ಓದಿದ್ರೆ ಮನಸ್ಸಿಗೆ ನೋವಾಗುತ್ತೆ," ಎಂದು ಮಾಲೀಕ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ಹೋಗ್ಲಿ ಬಿಡಿ. ನಾವು ಹುಡುಗೀರೂ ಒಂದು ಗ್ರೂಪ್ ಮಾಡ್ಕೊಂಡು ಗಿರಾಕಿಗಳಿಗೆ ಸ್ಟಾರ್ ಕೊಡ್ತಿದ್ದೀವಿ. ಯಾರು ದಾರಿಯುದ್ದಕ್ಕೂ ಕಿಡ್ನಿ ಸ್ಟೋನ್ ಕಥೆ ಹೇಳಿದ್ರು, ಯಾರು ಬಫೆಯಲ್ಲಿ ಜಾಮೂನನ್ನ ಕರ್ಚೀಫಲ್ಲಿ ಕಟ್ಕೊಂಡ್ರು, ಎಲ್ಲಾ ಇದೆ."

ಮಾಲೀಕ ಎದ್ದುಹೋಗಿ ಬಾಗಿಲು ಮುಚ್ಚಿ ಬಂದ.

"ಹೋದ್ವರ್ಷ ನನ್ ಹೈಸ್ಕೂಲ್ ಫ್ರೆಂಡ್ಸ್ ಪಾರ್ಟಿಗೆ ನಿನ್ನೇ ಕರ್ಕೊಂಡು ಹೋಗಿದ್ನಲ್ಲ," ಎಂದ, ದನಿ ತಗ್ಗಿಸಿ. "ಆ ಜಾಮೂನು ನಮ್ಮಮ್ಮಂಗೆ ಕಣಮ್ಮ. ಎಷ್ಟು ಸ್ಟಾರ್ ಕೊಟ್ಟಿದ್ದೀಯ, ಒಂದ್ಸಲ ತೋರ್ಸು."

ಸುಹಾಸಿನಿ ಮೊಬೈಲನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

"ಬೇಡ ಸಾರ್. ಓದಿದ್ರೆ ಮನಸ್ಸಿಗೆ ನೋವಾಗುತ್ತೆ."