ನೆರಳಿನ ಗುರುತು

ಕುಂಚ ಓಣಿಯಲ್ಲಿ ಉದ್ದಕ್ಕೆ ಬಿಗಿದ ನೂಲಿನ ಹಾಸಿನ ನಡುಭಾಗಕ್ಕೆ ಬರುವಷ್ಟರಲ್ಲೇ ಗಂಜಿ ಒಣಗಿಹೋಯಿತು. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಪಟಪಟನೆ ಹರಿದವು. ಭಾಗ್ಯಜ್ಯೋತಿ ಕುಂಚವನ್ನು ಕೆಳಗಿಟ್ಟು ಮಾವ ಮಾರ್ಕಂಡೇಯನ ಮುಖ ನೋಡಿದಳು. ಅವನು ಅಭ್ಯಾಸಬಲದಿಂದ ತಮ್ಮ ಮನೆಯ ಗೋಡೆ ನೋಡಿದ. ಎದುರುಮನೆಯ ನೆರಳಿನ ಅಂಚು ದೀಪದ ಗೂಡಿಗಿಂತ ಮೇಲಿತ್ತು. ಹೋದ ಕಾರ್ತಿಕದಲ್ಲಿ ತೀರಿಕೊಂಡ ಅವನ ಹೆಂಡತಿ ವೀರಬಸಮ್ಮ ಪ್ರತಿವರ್ಷ ಈ ಹೊತ್ತಿನಲ್ಲಿ ಅದೇ ಗೋಡೆಯ ಮುಂದೆ ನಿಲ್ಲುತ್ತಿದ್ದಳು.

ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುವ ದಿನ ಈಶ್ವರನ ಶಲ್ಯ ನೇಯುವ ಹಾಸಿನ ನೂಲಿಗೆ ಗಂಜಿ ಹಚ್ಚುವುದು ನಾರಾಯಣಪೇಟೆಯ ಆ ನೇಕಾರರ ಓಣಿಯ ಹರಕೆ. ಬೆಳಿಗ್ಗೆ ಆರಕ್ಕೆ ಗುಡಿಯ ಗಂಟೆ ಬಾರಿಸಿದ ಮೇಲೆ ಓಣಿಗೆ ಹಗ್ಗ ಕಟ್ಟಿ ಗಾಡಿ ತಡೆಯುತ್ತಾರೆ, ಆಗಲೇ ಗಂಜಿ. ತಂಪು ಹೊತ್ತಿನಲ್ಲೇ ಗಂಜಿ ಮುಗಿಸಲು ಹಗ್ಗವನ್ನು ಐದಕ್ಕೇ ಕಟ್ಟಲು ಬಿಡಬೇಕೆಂದು ಭಾಗ್ಯಜ್ಯೋತಿ ಜಿಲ್ಲಾ ಕಚೇರಿಗೆ ಅರ್ಜಿ ಬರೆದಿದ್ದಳು. ನೇಕಾರರ ಸಂಘದ ಅಧ್ಯಕ್ಷ ಭೀಮಯ್ಯ ಅದಕ್ಕೆ ಸಹಿ ಹಾಕಿರಲಿಲ್ಲ. ಹೀಗೇ ನಡೆದರೆ ಬೇಸಗೆ ಮುಗಿಯುವವರೆಗೆ ಮಗ್ಗ ನಿಲ್ಲಿಸಬೇಕಾಗಿತ್ತು.

ಹರಿದ ಎಳೆ ನೋಡಲು ಎದುರುಮನೆಯಿಂದ ಭೀಮಯ್ಯನೇ ಬಂದ. ಹಿಂದಿನ ದಿನ ಸಂಘದಲ್ಲಿ ಯಾರೋ ಬಂದು ಭೂಮಿ ಬಿಸಿಯೇರುತ್ತಿದೆ ಎಂದು ಭಾಷಣ ಮಾಡಿದಾಗ, ಇದೆಲ್ಲ ಪೇಪರಿನವರ ಗದ್ದಲವೆಂದು ನಗಿಸಿದವನು ಅವನು.

"ಬ್ಯಾಸಗಿ ಅಂದ್ರ ಬ್ಯಾಸಗೀನ. ನಿಜಾಮನ ಕಾಲದಾಗೂ ಕಾಗಿ ಬಿಸಲಿಗೆ ಬಾಯಿ ತಕ್ಕೊಂಡು ಕೂಡ್ತಿತ್ತು" ಎಂದ. "ಮೊದಲು ಕಮ್ಮಿ ಇತ್ತು, ಈಗ ಹೆಚ್ಚಾತು ಅಂತೀರಲ್ಲ, ನಮ್ಮ ಓಣ್ಯಾಗ ಸೆಕಿ ಅಳತಿ ಮಾಡಿದವರು ಯಾರು?"

ಮಾರ್ಕಂಡೇಯ ಭೀಮಯ್ಯನ ಕೈ ಹಿಡಿದು ಗೋಡೆಯ ಹತ್ತಿರ ಕರೆದೊಯ್ದ. ಕರಿಕಲ್ಲಿನ ಮೇಲೆ ಇಪ್ಪತ್ತೆರಡು ಕಡೆ ಸುಣ್ಣದ ಮೂರು ಬೆರಳ ಗೆರೆಗಳಿದ್ದವು. ಓಣಿಯವರೆಲ್ಲ ದಿನವೂ ಕಂಡು ಭಕ್ತಿಯ ವಿಭೂತಿ ಎಂದುಕೊಂಡಿದ್ದರು. ಬಿಸಿಲು ನೆಲಕ್ಕಿಳಿಯುವ ಮೊದಲೇ ಸೇವೆ ಮುಗಿಯಿತೆಂದು ದೇವರಿಗೆ ಒಪ್ಪಿಸಲು, ಹಾಸು ಒಣಗಿದ ಗಳಿಗೆಯಲ್ಲಿ ನೆರಳಿನ ಅಂಚು ಎಲ್ಲಿರುತ್ತಿತ್ತೋ ಅಲ್ಲಿ ವೀರಬಸಮ್ಮ ವರ್ಷಕ್ಕೊಂದರಂತೆ ಪಕ್ಕಪಕ್ಕಕ್ಕೆ ಗುರುತು ಹಾಕುತ್ತಿದ್ದಳು. ಹೊತ್ತೇರಿದಂತೆ ನೆರಳು ಗೋಡೆಯಲ್ಲಿ ಕೆಳಗಿಳಿಯುತ್ತದೆ; ಬೇಗ ಒಣಗಿದರೆ ಗುರುತು ಮೇಲೆ. ಮೊದಲನೆಯ ವರ್ಷದ್ದು ಎದೆಮಟ್ಟಕ್ಕಿತ್ತು. ಹೋದ ವರ್ಷದ್ದನ್ನು ಅವಳು ಒರಳುಕಲ್ಲು ಹತ್ತಿ ಹಾಕಿದ್ದಳು.

ಭೀಮಯ್ಯ ಸುಲಭಕ್ಕೆ ಬಗ್ಗುವವನಲ್ಲ. ನೂಲು ಬದಲಾಗಿರಬೇಕು ಎಂದ. ಹರಕೆಯ ನೂಲು ಪ್ರತಿವರ್ಷವೂ ಅವನ ಮನೆಯದೇ, ಒಂದೇ ದಪ್ಪದ್ದು, ಒಂದೇ ನಂಬರಿನದು. ಗಂಜಿ ತೆಳುವಾಗಿರಬೇಕು ಎಂದ. ಹರಕೆಯ ಗಂಜಿಗೆ ಒಂದು ಸೇರು ಜೋಳದ ಹಿಟ್ಟು, ಹೆಚ್ಚಿಲ್ಲ, ಕಮ್ಮಿಯಿಲ್ಲ. ನೆರಳು ಬೀಳಿಸುವ ಮಾಳಿಗೆ ಎತ್ತರವಾಯಿತೇ ಎನ್ನಲು ಅದು ಅವನದೇ ಮನೆ. ಕೊನೆಗೆ ಅವನ ಬೆರಳು ನಡುವಿನ ಒಂದು ಗುರುತಿನ ಮೇಲೆ ನಿಂತಿತು.

"ಇದು ಕೆಳಗ ಇಳದೈತಲ್ಲೋ?"

"ಹಿಂದಿನ ದಿನ ಮಳಿ ಬಿದ್ದಿತ್ತು, ತಂಪಿತ್ತು. ಇಳದದ್ದನ್ನೂ ಹಾಕ್ಯಾಳ ನೋಡು" ಎಂದ ಮಾರ್ಕಂಡೇಯ. "ದೇವರಿಗೆ ಕೊಡೋ ಲೆಕ್ಕದಾಗ ಆಕಿ ಸುಳ್ಳು ಹಾಕಾಕಿ ಅಲ್ಲ."

ಭೀಮಯ್ಯ ಆ ಗೆರೆಯನ್ನು ಬಹಳ ಹೊತ್ತು ನೋಡಿದ. ಚಪ್ಪಲಿ ಕಳಚಿದ. ಸುಣ್ಣ ಕೇಳಿ ಇಸಿದುಕೊಂಡು, ಒರಳುಕಲ್ಲು ಹತ್ತಿ, ಮಾರ್ಕಂಡೇಯ ತೋರಿಸಿದಲ್ಲಿ, ಗೂಡಿಗಿಂತ ಮೇಲೆ, ಇಪ್ಪತ್ಮೂರನೆಯ ಗುರುತು ಹಾಕಿದ. ಓಣಿಯ ಬಾಗಿಲುಗಳಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಭಾಗ್ಯಜ್ಯೋತಿ ಒಳಗೆ ಓಡಿ ಅರ್ಜಿ ತಂದಳು. ಭೀಮಯ್ಯ ಸಹಿ ಹಾಕಿದ ಹಾಳೆಯ ಮೇಲೆ ಅವನ ಸುಣ್ಣದ ಹೆಬ್ಬೆರಳ ಗುರುತೂ ಬಿತ್ತು.

"ಕಚೇರ್ಯಾಗ ಯಾರು ಅಳತಿ ಮಾಡ್ಯಾರ ಅಂತ ಕೇಳತಾರ, ಕಾಕಾ" ಎಂದಳು ಅವಳು.

"ಕೇಳಲಿ. ಕೆಳಗ ವೀರಬಸಮ್ಮ ಅಂತ ಬರಿ" ಎಂದ ಭೀಮಯ್ಯ.